ದೋಣಿ ಹೊರಿಸಿದ ಅಕ್ಕ

ಹೋದ ವಾರ ಚೆನ್ನೈನ ಮೈಲಾಪೂರಿನ ನಮ್ಮ ಬೀದಿಯ ಪಂಚರ್ ಅಂಗಡಿಯ ಮುಂದೆ ಸ್ಕೂಟರ್ ನಿಲ್ಲಿಸಿಕೊಂಡು ಕಾಯುತ್ತಿದ್ದೆ. ಅಂಗಡಿಯವರು ಟ್ಯೂಬಿಗೆ ಸಲ್ಯೂಷನ್ ಹಚ್ಚಿ ಊದಿದರು. ರಬ್ಬರಿನ ಆ ಘಾಟು ಮೂಗಿಗೆ ಬಡಿದದ್ದೇ ತಡ, ಅರುಣಾಚಲದ ಕಾಡಿನಲ್ಲಿ, ನದಿಯ ಮರಳಿನ ಮೇಲೆ ಮಂಡಿಯೂರಿ, ಹರಿದ ದೋಣಿಗೆ ತೇಪೆ ಅಂಟಿಸುತ್ತಿದ್ದ ಅಕ್ಕ ಕಣ್ಣ ಮುಂದೆ ಬಂದರು...

ಅವರನ್ನು ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದರು. ವಯಸ್ಸು ಅರವತ್ತರ ಹತ್ತಿರ. ತಂದೆ ರೈಲ್ವೆ ಕೆಲಸಕ್ಕೆಂದು ಧಾರವಾಡದಿಂದ ಬಂದವರು. ಅಕ್ಕ ಹುಟ್ಟಿ ಬೆಳೆದದ್ದೆಲ್ಲ ಚೆನ್ನೈನಲ್ಲೇ. ಆದರೂ ಮಾತು ಮಾತ್ರ ಧಾರವಾಡದ್ದು, ನಡುನಡುವೆ ತಮಿಳು. ಪ್ರತಿ ಚಳಿಗಾಲ ಒಂದಷ್ಟು ಜನರನ್ನು ಕಟ್ಟಿಕೊಂಡು, ರಸ್ತೆಯೇ ಇಲ್ಲದ ಕಾಡುನದಿಗಳಿಗೆ ಹೋಗುತ್ತಿದ್ದರು. ಗಾಳಿ ತುಂಬಿದ ಪುಟ್ಟ ದೋಣಿ, ಒಂದೊಂದರಲ್ಲಿ ಇಬ್ಬಿಬ್ಬರು, ಕೈಗೊಂದು ಹುಟ್ಟು.

ನಾನು ಅವರನ್ನು ಮೊದಲು ನೋಡಿದ್ದು ನಮ್ಮ ವಿಮಾ ಕಚೇರಿಯಲ್ಲಿ. ತಂಡಕ್ಕೆ ಪಾಲಿಸಿ ಬೇಕೆಂದು ಬಂದಿದ್ದರು. ಫಾರಂ ತುಂಬಿಸುತ್ತ ನಾನು ಕೇಳಿದೆ, "ದೋಣಿ ಮಗುಚಿ ಯಾರಾದ್ರೂ ಹೋಗ್ಬಿಟ್ಟರೆ?"

"ಹಂಗಾಗಬಾರ್ದು ಅಂತನ ನಾ ಇರೋದು," ಎಂದರು. ಆಮೇಲೆ ನನ್ನ ಮುಖ ನೋಡಿ, "ಈ ಫಾರಂನಾಗ ನದೀನ ಇಲ್ಲಲ್ರೀ ಮೇಡಂ. ಒಮ್ಮೆ ಬಂದ್ ನೋಡ್ರಿ," ಎಂದು ನನ್ನ ಪೆನ್ನನ್ನೇ ತೆಗೆದುಕೊಂಡು ತಮ್ಮ ಪಟ್ಟಿಯ ಕೊನೆಯಲ್ಲಿ ನನ್ನ ಹೆಸರು ಬರೆದುಬಿಟ್ಟರು.

ಅವರು ಹಾಗೆ ಬರೆಯದಿದ್ದರೆ ನಾನು ಹೋಗುತ್ತಿರಲಿಲ್ಲ. ಅದಕ್ಕೆ ಎರಡು ವರ್ಷ ಮೊದಲು ನನ್ನ ಗಂಡ ಆಸ್ಪತ್ರೆಯಲ್ಲಿದ್ದಾಗ, ಆಪರೇಷನ್ ಈಗಲೇ ಮಾಡಬಹುದು, ಕಾಯಲೂಬಹುದು, ನೀವೇ ಹೇಳಿ ಎಂದಿದ್ದರು ಡಾಕ್ಟರು. ಕಾಯೋಣ ಎಂದೆ. ಮೂರನೆಯ ದಿನ ನನ್ನ ಗಂಡ ಇರಲಿಲ್ಲ. ಯಾರೂ ನನ್ನನ್ನು ದೂರಲಿಲ್ಲ. ಆದರೆ ಅಂದಿನಿಂದ ನಾನು ಯಾವುದಕ್ಕೂ ಹೂಂ, ಊಹೂಂ ಎನ್ನುವುದನ್ನೇ ಬಿಟ್ಟಿದ್ದೆ. ಹೋಟೆಲಿಗೆ ಹೋದರೂ ಪಕ್ಕದವರು ಹೇಳಿದ್ದೇ ನನಗೂ ಸಾಕು ಎನ್ನುತ್ತಿದ್ದೆ.

ಎರಡು ತಿಂಗಳು ಪ್ರತಿ ಶನಿವಾರ ಚೆನ್ನೈ ಹತ್ತಿರದ ಮುಟ್ಟುಕಾಡಿನ ಹಿನ್ನೀರಿನಲ್ಲಿ ಅಕ್ಕ ನನಗೆ ಹುಟ್ಟು ಹಾಕುವುದನ್ನು, ಮಗುಚಿದರೆ ದೋಣಿಯನ್ನು ಹಿಡಿದು ತೇಲುವುದನ್ನು ಕಲಿಸಿದರು. ಚಳಿಗಾಲದಲ್ಲಿ ಎಂಟು ಜನ ಅರುಣಾಚಲಕ್ಕೆ ಹೊರಟೆವು, ನಾಲ್ಕು ದೋಣಿ.

ನೀರಿಗಿಳಿದ ಮೂರನೆಯ ದಿನ ನದಿ ತಿರುವಿನಲ್ಲಿ ಭೋರ್ಗರೆಯತೊಡಗಿತು. ಅಕ್ಕ ಎಲ್ಲರನ್ನೂ ದಡಕ್ಕೆ ಕರೆದು, ತಾವೊಬ್ಬರೇ ಬಂಡೆ ಹತ್ತಿ ಕೂತು ನೀರನ್ನು ನೋಡಿದರು. ಅರ್ಧ ಗಂಟೆ ಕಳೆದಿರಬೇಕು. ನಮ್ಮ ಜೊತೆ ಬಂದಿದ್ದ ಕಂಪನಿ ಮ್ಯಾನೇಜರೊಬ್ಬರು ಚಡಪಡಿಸಿದರು.

"ಕೊಂಜಂ, ಸ್ವಲ್ಪ ತಡೀರಿ," ಎಂದರು ಅಕ್ಕ. ಕೊನೆಗೆ ಇಳಿದು ಬಂದು, "ಇಲ್ಲಿ ಬ್ಯಾಡ. ದೋಣಿ ಹೊತ್ಕೊಂಡು ದಾಟೋಣು," ಎಂದರು.

"ಇಷ್ಟು ದೂರ ಬಂದಿದ್ದು ದೋಣಿ ಹೊರೋದಕ್ಕಾ?" ಮ್ಯಾನೇಜರ್ ಸಿಟ್ಟಾದರು.

"ಬೈಕೋತ ಹೊರ್ರಿ. ಆದ್ರ ಹೊರ್ರಿ."

ಬೈದುಕೊಂಡೇ ಹೊತ್ತೆವು. ಜಾರುವ ಬಂಡೆಗಳ ಮೇಲೆ, ಹೆಗಲು ಬದಲಿಸುತ್ತ, ಸಂಜೆಯವರೆಗೆ. ಒಂದು ದೋಣಿ ಚೂಪು ಕಲ್ಲಿಗೆ ತಗುಲಿ ಹರಿಯಿತು. ಕೆಳಗೆ ತಲುಪಿ ತಿರುಗಿ ನೋಡಿದರೆ, ಎಡದಂಡೆಯ ಬದಿಗೆ ನೀರು ಒಂದೇ ಸಮನೆ ಸಲೀಸಾಗಿ ಇಳಿಯುತ್ತಿತ್ತು. ಮ್ಯಾನೇಜರ್ ಅತ್ತ ಬೆರಳು ತೋರಿಸಿದರು. ಅಕ್ಕನೂ ನೋಡಿದರು. "ಹೌದ್ರೀ, ಹೋಗಬಹುದಿತ್ತು ಅನಸ್ತದ," ಎಂದು ನಕ್ಕು, ತೇಪೆ ಹಚ್ಚಲು ಕೂತರು.

ನನಗೆ ತಡೆಯಲಾಗಲಿಲ್ಲ. ಹತ್ತಿರ ಹೋಗಿ ಕೇಳಿದೆ, "ತಪ್ಪು ನಿರ್ಧಾರ ಅಂತ ಬೇಜಾರಾಗಲ್ವಾ ಅಕ್ಕ?"

"ಮ್ಯಾಲ ಕೂತಾಗ ಆ ದಾರಿ ನನಗ ಕಾಣಲಿಲ್ಲ. ಕಂಡಷ್ಟರಾಗ ಸರಿ ಅನಿಸಿದ್ದು ಹೇಳಿದೆ. ಕೆಳಗ ಬಂದ ಮ್ಯಾಲ ಎಲ್ಲಾರಿಗೂ ಕಾಣ್ತದ." ತೇಪೆಯನ್ನು ಹೆಬ್ಬೆರಳಿನಿಂದ ಒತ್ತುತ್ತ, ಅನ್ನ ಬೇಯಿಸುತ್ತಿದ್ದವರತ್ತ ಕತ್ತು ಹೊರಳಿಸಿದರು. "ಎಂಟೂ ಮಂದಿ ಉಣ್ಣಾಕ ಇದ್ದೀವಲ್ಲ."

ನಾನು ನದಿಯ ಅಂಚಿಗೆ ಹೋಗಿ ಕೂತು ಅತ್ತೆ. ಆಸ್ಪತ್ರೆಯಲ್ಲಿ ಅಳದೆ ಉಳಿದಿದ್ದ ಅಳು ಅದು. ಅಕ್ಕನಿಗೆ ನನ್ನ ಗಂಡನ ವಿಷಯ ಗೊತ್ತೇ ಇರಲಿಲ್ಲ. ಹೇಳಿದ್ದು ಆ ರಾತ್ರಿ ಊಟವಾದ ಮೇಲೆ... ಅವರು ನನ್ನ ತಟ್ಟೆಯನ್ನೂ ತಾವೇ ತೊಳೆದಿಟ್ಟರು. ಮರುದಿನ ಬೆಳಿಗ್ಗೆ, "ಇವತ್ತ ಹಿಂದ ನೀವು ಕೂಡ್ರಿ," ಎಂದರು. ಹಿಂದೆ ಕೂತವರೇ ದೋಣಿಯನ್ನು ತಿರುಗಿಸಬೇಕು. ಮುಂದೆ ಅವರು ಕೂತರು. ನೊರೆ ಎದ್ದ ಕಡೆಯಲ್ಲೆಲ್ಲ ಎಡಕ್ಕೋ ಬಲಕ್ಕೋ ಎಂದು ನಾನೇ ಕೂಗಿ ಹೇಳಬೇಕಾಯಿತು. ಎರಡು ಸಲ ಬಂಡೆಗೆ ಗುದ್ದಿಸಿದೆ. ಅವರು ಒಮ್ಮೆಯೂ ಹಿಂತಿರುಗಿ ನೋಡಲಿಲ್ಲ.

ಆಮೇಲೆ ಐದು ಚಳಿಗಾಲ ಅವರ ಜೊತೆ ಹೋದೆ. ಆರನೆಯದಕ್ಕೆ ಅಕ್ಕ ಇರಲಿಲ್ಲ. ಹೃದಯಾಘಾತ, ಮನೆಯಲ್ಲೇ, ಮಧ್ಯಾಹ್ನದ ಹೊತ್ತಿನಲ್ಲಿ.

ಅವರ ದೋಣಿಗಳನ್ನು ಈಗ ನಾವು ನಾಲ್ಕು ಜನ ಸೇರಿ ನೋಡಿಕೊಳ್ಳುತ್ತಿದ್ದೇವೆ. ಮೊನ್ನೆಯ ಚಳಿಗಾಲ ತಂಡವನ್ನು ಕರೆದೊಯ್ಯುವ ಸರದಿ ನನ್ನದಾಗಿತ್ತು. ನದಿ ರಭಸದಿಂದ ಇಳಿಯುವ ಒಂದು ಕಡೆ ಎಲ್ಲರನ್ನೂ ದಡದಲ್ಲಿ ನಿಲ್ಲಿಸಿ ಬಂಡೆ ಹತ್ತಿದೆ. ಬಹಳ ಹೊತ್ತು ನೋಡಿದೆ. ಸರಿಯೇ ಅಕ್ಕ ಎಂದು ಕೇಳಬೇಕೆನಿಸಿತು. ಕೆಳಗೆ ಏಳು ಮುಖಗಳು ನನ್ನನ್ನೇ ನೋಡುತ್ತಿದ್ದವು.

"ಹೋಗೋಣ," ಎಂದೆ. "ಬಲಗಡೆಯಿಂದ."