ಕಂಬಳಿ ಹೊದ್ದು ಮಾಡಿದ ಪ್ರಸಂಗ

ಎಂಬತ್ತರ ದಶಕದ ಆರಂಭ. ಕಮತಗಿಯ ಸಣ್ಣ ಕ್ರೈಸ್ತ ಸಭೆಯಲ್ಲಿ ಅಂದು ನನ್ನ ಮೊದಲ ಪ್ರಸಂಗ, ಅಂದರೆ ಧರ್ಮಬೋಧೆ. ದೇವರ ಕೃಪೆಯ ಬಗ್ಗೆ ನಾಲ್ಕು ಹಾಳೆ ಬರೆದುಕೊಂಡು, ಇಸ್ತ್ರಿ ಮಾಡಿಸಿದ ಬಿಳಿ ಅಂಗಿ ತೊಟ್ಟು ಸೈಕಲ್ ಏರಿದ್ದೆ. ಹಿಂದಿನ ದಿನ ಮಳೆಯಾಗಿತ್ತು. ಇನ್ನೇನು ಊರು ಬಂತು ಅನ್ನುವಾಗ ಎರಿಮಣ್ಣಿನ ಕಪ್ಪು ಕೆಸರಿನಲ್ಲಿ ಜಾರಿ ಬಿದ್ದೆ.

ಕುರಿ ಮೇಯಿಸುತ್ತಿದ್ದ ಮುದುಕಿಯೊಬ್ಬಳು ಓಡಿ ಬಂದು ಎಬ್ಬಿಸಿದಳು. "ಅಂಗಿ ಬಿಚ್ಚು ತಮ್ಮಾ, ಹಳ್ಳದಾಗ ಒಗದು ಕೊಡ್ತೇನಿ."

"ಬ್ಯಾಡಬೇ ಯವ್ವಾ, ನಾನ ಒಗಕೋತೇನಿ. ನಿನಗ ನಾ ಏನೂ ಮಾಡಿಲ್ಲ, ನೀ ಯಾಕ ತ್ರಾಸ ತಗೋತಿ?"

"ನೀ ಏನರ ಮಾಡೀ ಅಂತ ಒಗೀತೇನೇನು? ಕೆಸರಾಗ ಬಿದ್ದೀ ಅಂತ ಒಗೀತೇನಿ. ಕೊಡು ಇತ್ತ!"

ಅಂಗಿ ಬಿಚ್ಚಿ ಕೊಟ್ಟೆ. ಮೂರು ದಿನ ತಿಣುಕಿ ಬರೆದ ನನ್ನ ಹಾಳೆಗಳಲ್ಲಿ ಆ ಮಾತು ಇರಲಿಲ್ಲ.

ಅಂಗಿ ಬೇಗ ಒಣಗುವಂತಿರಲಿಲ್ಲ. ಅವಳು ತನ್ನ ಕಂಬಳಿಯನ್ನೇ ಹೊದಿಸಿ ಕಳಿಸಿದಳು.

ಕಂಬಳಿಯಲ್ಲಿ ನಿಂತ ನನ್ನನ್ನು ಕಂಡು ಸಭೆ ಗೊಳ್ಳೆಂದು ನಕ್ಕಿತು. ನಾನೂ ನಕ್ಕೆ. ಹಾಳೆ ಮಡಚಿಟ್ಟು, ನಡೆದದ್ದನ್ನೆಲ್ಲ ಹೇಳಿ, "ಕೃಪೆ ಅಂದ್ರ ಇದ ನೋಡ್ರಿ" ಅಂದೆ. ಸಭೆ ತಲೆದೂಗಿತು.

ಆಮೇಲೆ ಎಷ್ಟೋ ಪ್ರಸಂಗ ಮಾಡಿದ್ದೇನೆ. ಕುರಿ ವಾಸನೆಗೆ ಮುಂದಿನ ಸಾಲಿನವರು ಹಿಂದೆ ಸರಿದು ಕೂತದ್ದು ಮಾತ್ರ ಅದೊಂದರಲ್ಲೇ.