ಮೂರನೇ ಸಲ ಕೇಳುವ ಮುದುಕಿ

ಹೋದ ವಾರ ಮಂಗಳವಾರ ಮಧ್ಯಾಹ್ನ ಒಬ್ಬ ಮುದುಕಿಯ ಮುಂದೆ ನಾನು ಹನ್ನೊಂದು ಸಲ ಸೋತೆ.

ಮುದುಕಿ ಇರುವುದು ಲ್ಯಾಪ್‌ಟಾಪಿನೊಳಗೆ. ನದಿಯ ಪಕ್ಕದ ಹಳ್ಳಿಮನೆ, ಅದರ ಜಗಲಿಯ ಮೇಲೆ ಕೂತಿರುತ್ತಾಳೆ. ಹತ್ತಿರ ಹೋದರೆ ಒಂದೇ ಮಾತು ಕೇಳುತ್ತಾಳೆ, ‘ಊಟ ಮಾಡ್ತೀಯಾ?’ (ಕೇಳುವುದು ಇಂಗ್ಲಿಷಿನಲ್ಲಿ. ಸೆರಗು ಹೊದ್ದಿರುವ ರೀತಿ ಮಾತ್ರ ನಮ್ಮ ಕಡೆಯದೇ.) ಉತ್ತರಕ್ಕೆ ಎರಡು ಬಟನ್: ಹೂಂ, ಬೇಡ. ನಾನು ಹೂಂ ಅಂದೆ. ತಟ್ಟೆಯಲ್ಲಿ ಅನ್ನ ಕೊಟ್ಟಳು. ಉಂಡೆ. ಆಟ ಅಲ್ಲಿಗೇ ನಿಂತುಹೋಯಿತು. ಮತ್ತೆ ಮೊದಲಿಂದ ಶುರು ಮಾಡಿ ಬೇಡ ಅಂದೆ, ಎದ್ದು ಹೊರಟೆ. ಮುದುಕಿ ಬಾಗಿಲು ಹಾಕಿಕೊಂಡಳು. ಹೀಗೇ ಹನ್ನೊಂದು ಸಲ.

ಅಡುಗೆಮನೆಯಲ್ಲಿ ಕುಕ್ಕರ್ ಎಷ್ಟು ಸಲ ಕೂಗಿತೋ, ಲೆಕ್ಕ ತಪ್ಪಿತ್ತು.

ಐವತ್ತು ದಾಟಿದ ಗೃಹಿಣಿಗೆ ವಿಡಿಯೋ ಗೇಮ್ ಯಾಕೆ ಬೇಕಿತ್ತು? ಬೇಕಿರಲಿಲ್ಲ. ನಾನು ಮೌಲ್ಯಮಾಪಕಿ. ಆ ಕೆಲಸ ನನಗೆ ಒದಗಿದ ಬಗೆ ಹೀಗೆ.

ನಮ್ಮ ಭಾವನವರ ಮಗಳು ಸಿಂಚನಾ ಹೊಳೆನರಸೀಪುರದಿಂದ ದಿನಾ ಬಸ್ಸಿನಲ್ಲಿ ಹಾಸನದ ಕಾಲೇಜಿಗೆ ಬರುತ್ತಾಳೆ. ಸಂಜೆ ಬಸ್ಸು ತಡವಾದರೆ ನಮ್ಮ ಮನೆಗೆ ಬಂದು ಕೂರುತ್ತಾಳೆ. ಅವಳ ತರಗತಿಗೆ ಈ ಸಲ ಒಂದು ಕೆಲಸ ಕೊಟ್ಟಿದ್ದಾರೆ. ಯಾರು ಬೇಕಾದರೂ ಬರೆಯಬಹುದಾದ ವಿಶ್ವಕೋಶ ಇಂಟರ್‌ನೆಟ್ಟಿನಲ್ಲಿ ಇದೆಯಲ್ಲ, ಅದಕ್ಕೆ ಒಬ್ಬೊಬ್ಬರೂ ಕನ್ನಡದಲ್ಲಿ ಒಂದೊಂದು ಲೇಖನ ಬರೆಯಬೇಕು. ಒಬ್ಬಳು ಗೆಳತಿ ಮೊಸಳೆ ಅನ್ನುವ ಊರಿನ ಜೋಡಿ ದೇವಸ್ಥಾನ ಆರಿಸಿಕೊಂಡಳು, ಇನ್ನೊಬ್ಬಳು ಆಲೂಗಡ್ಡೆ. ನಮ್ಮವಳು ಒಂದು ಅಡ್ವೆಂಚರ್ ಗೇಮ್.

‘ಹೊಡೆದಾಟ ಏನಿಲ್ಲ ಚಿಕ್ಕಮ್ಮ. ಊರೂರು ಸುತ್ತೋದು, ಕಂಡೋರ್ನೆಲ್ಲ ಮಾತಾಡ್ಸೋದು, ಕಳೆದುಹೋದ ಸಾಮಾನು ಹುಡುಕೋದು, ಅಷ್ಟೇ.’

(ಮದುವೆ ಸೀಸನ್ನಿನಲ್ಲಿ ನನ್ನ ದಿನಚರಿಯೂ ಅದೇ. ಅದಕ್ಕೂ ಅಡ್ವೆಂಚರ್ ಅನ್ನುತ್ತಾರೆಂದು ತಿಳಿದಿರಲಿಲ್ಲ.)

ಲೇಖನ ವಿಶ್ವಕೋಶಕ್ಕೆ ಏರುವ ಮೊದಲು ಕಾಲೇಜಿನ ಹೊರಗಿನ ಒಬ್ಬರು ಓದಿ, ಗುಣಮಟ್ಟ ನೋಡಿ, ಅಂಕ ಕೊಡಬೇಕು. ಆ ಒಬ್ಬರಿಗೆ ವಿಷಯದ ಬಗ್ಗೆ ಏನೂ ಗೊತ್ತಿರಬಾರದು. ಮನೆಯವರಾದರೂ ಅಡ್ಡಿಯಿಲ್ಲ.

‘ಏನೂ ಗೊತ್ತಿಲ್ಲದವರು ಅಂದ ತಕ್ಷಣ ನಿಮ್ದೇ ನೆನಪಾಯ್ತು ಚಿಕ್ಕಮ್ಮ.’

ಹೊಗಳಿಕೆ ಅಂತಲೇ ತೆಗೆದುಕೊಂಡೆ.

ಅಂಕದ ಹಾಳೆಯಲ್ಲಿ ಐದು ಪ್ರಶ್ನೆ, ಒಂದೊಂದಕ್ಕೆ ನಾಲ್ಕು ಅಂಕ. ನಾನು ಪೆನ್ಸಿಲು ಚೂಪು ಮಾಡಿಕೊಂಡು ಕೂತೆ. ಕಾನ್ವೆಂಟಿನಲ್ಲಿ ನಮಗೆ ಇಂಗ್ಲಿಷ್ ಕಲಿಸುತ್ತಿದ್ದ ಸಿಸ್ಟರ್ ಒಬ್ಬರಿದ್ದರು. ಅವರ ಕೆಂಪು ಪೆನ್ಸಿಲು ಮೊಂಡಾಗಿದ್ದನ್ನು ನಾನು ಕಂಡಿಲ್ಲ. ಪ್ರಬಂಧದಲ್ಲಿ ‘ವೆರಿ ಬ್ಯೂಟಿಫುಲ್’ ಅಂತ ಬರೆದರೆ ಸುತ್ತು ಹಾಕಿ, ಬ್ಯೂಟಿಫುಲ್ ಅಂತ ನನಗೆ ಅನ್ನಿಸಬೇಕು, ನೀನು ಹೇಳಿಬಿಟ್ಟರೆ ಹೇಗೆ ಅನ್ನುತ್ತಿದ್ದರು.

ಸಿಂಚನಾಳ ಮೊದಲ ಸಾಲು: ‘ಇದು ಪ್ರಪಂಚದಲ್ಲೇ ಅತ್ಯಂತ ರೋಚಕವಾದ, ಎಲ್ಲರೂ ಒಮ್ಮೆಯಾದರೂ ಆಡಲೇಬೇಕಾದ ಆಟ.’

ಸುತ್ತು ಹಾಕಿದೆ. ‘ಎಲ್ಲರೂ ಯಾಕೆ ಆಡಬೇಕು? ನಿಮ್ಮಪ್ಪ ಆಡ್ತಾರಾ?’

‘ಇಲ್ಲ.’

‘ಹಾಗಾದ್ರೆ ತೆಗಿ.’

ಕಥೆಗೆ ನಾಲ್ಕು ಪುಟ, ಆಟ ಮಾಡಿದವರ ಬಗ್ಗೆ ಒಂದೂವರೆ ಸಾಲು. ಮೂರು ಪ್ಯಾರಾ ‘ಅಂದಹಾಗೆ’ ಅಂತ ಶುರುವಾಗುತ್ತವೆ. ವಿಶ್ವಕೋಶಕ್ಕೆ ಅಂದಹಾಗೆ ಯಾಕೆ? (ಪೇಪರಿಗೆ ನಾನು ಬರೆಯುವ ಈ ಅಂಕಣಕ್ಕೆ ಬೇಕು. ಅದು ಬೇರೆ.) ಆದರೆ ಹುಡುಗಿ ಬರೆದದ್ದು ಅರ್ಥವಾಗುತ್ತದೆ. ತೆಪ್ಪದಲ್ಲಿ ಹೋದ ಅಣ್ಣ ವಾಪಸು ಬರಲಿಲ್ಲ. ತಂಗಿ ನದಿಯ ದಂಡೆ ಹಿಡಿದು ಹುಡುಕುತ್ತಾ ಹೊರಟಿದ್ದಾಳೆ. ಅವನು ಬಿಟ್ಟುಹೋದ ನಕ್ಷೆ ಮುದುಕಿಯ ಅಡುಗೆಮನೆಯಲ್ಲಿದೆ. ಒಳಗೆ ಕರೆಸಿಕೊಳ್ಳದೆ ಅದು ಸಿಗುವುದಿಲ್ಲ. ಏನೂ ಗೊತ್ತಿಲ್ಲದ ನನಗೂ ಇಷ್ಟು ಗೊತ್ತಾಯಿತು. ಅರ್ಥವಾಗುವುದಕ್ಕೆ ನಾಲ್ಕಕ್ಕೆ ನಾಲ್ಕು ಕೊಟ್ಟೆ.

ಆಮೇಲೆ ಆ ಸಾಲು ಬಂತು. ‘ಮುದುಕಿ ಒಂದೇ ಪ್ರಶ್ನೆಯನ್ನು ಮೂರು ಸಲ ಕೇಳುವುದು ದೋಷವಲ್ಲ. ಅದು ಉಪಚಾರ.’

ಪಕ್ಕದಲ್ಲಿ ಅವರ ಮೇಡಂ ಕೈಬರಹ: ‘ಆಧಾರ ಎಲ್ಲಿ? ಇಲ್ಲದಿದ್ದರೆ ಬೇಡ, ತೆಗೆಯಿರಿ.’

ವಿಷಯ ಏನೆಂದರೆ, ಈ ಆಟದ ಬಗ್ಗೆ ಹೊರದೇಶದ ಇಬ್ಬರು ವಿಮರ್ಶೆ ಬರೆದಿದ್ದಾರೆ. ಮುದುಕಿಯ ಮಾತು ಮತ್ತೆ ಮತ್ತೆ ಬರುವುದು ಪ್ರೋಗ್ರಾಮಿನ ತಪ್ಪು ಅಂತ ಒಬ್ಬರು. ಎರಡನೇ ಸಲ ಬೇಡ ಅಂದ ಮೇಲೆ ಅವಳು ಸುಮಾರು ಹೊತ್ತು ಮಾಯವಾಗುತ್ತಾಳೆ, ಆಟ ಹ್ಯಾಂಗ್ ಆಯಿತೆಂದು ಆಡುವವರು ಎದ್ದು ಹೋಗುತ್ತಾರೆ ಅಂತ ಇನ್ನೊಬ್ಬರು. ಇಬ್ಬರದೂ ಪ್ರಕಟವಾಗಿದೆ. ಹಾಗಾಗಿ ಅದು ಆಧಾರ. ನಮ್ಮ ಹುಡುಗಿಯ ಸಾಲಿಗೆ ಯಾರ ಆಧಾರವೂ ಇಲ್ಲ.

‘ಆ ಒಂದು ಲೈನ್ ತೆಗೆದುಬಿಡೇ’ ಅಂದೆ.

‘ತೆಗೆದ್ರೆ ಏನು ಉಳೀತದೆ ಚಿಕ್ಕಮ್ಮ? ಬಗ್ ಅಂತ ಉಳೀತದೆ. ಅಜ್ಜಿ ಊಟಕ್ಕೆ ಕರೆಯೋದು ಬಗ್ಗಾ?’

‘ತೆಗೀದಿದ್ರೆ?’

‘ಲೇಖನನೇ ಹಾಕಲ್ವಂತೆ. ಇಪ್ಪತ್ತು ಮಾರ್ಕ್ಸೂ ಹೋಯ್ತು.’

‘ಆಟ ಮಾಡಿದವರನ್ನೇ ಕೇಳು.’

‘ಎರಡು ಮೇಲ್ ಹಾಕ್ದೆ. ಉತ್ತರ ಇಲ್ಲ.’

‘ಮತ್ತೆ ನಿನಗೆ ಹೇಗೆ ಗೊತ್ತು?’

‘ನಾನೇ ಆಡಿದ್ದೀನಲ್ಲ!’

ಅದು ನಡೆಯುವುದಿಲ್ಲವಂತೆ. ಸ್ವಂತ ಅನುಭವ ಆಧಾರವಲ್ಲ, ಹಾಳೆಯ ಕೆಳಗೆ ಅಚ್ಚು ಹಾಕಿದ್ದಾರೆ. ನನಗೆ ಸ್ವಲ್ಪ ಗಾಬರಿಯಾಯಿತು. ಹುರುಳಿಕಾಳಿನ ಸಾರು ಎರಡನೇ ದಿನ ಹೆಚ್ಚು ರುಚಿ. ಆಧಾರ? ಬಿಸಿಲಿನಲ್ಲಿ ಬಂದವರಿಗೆ ಮೊದಲು ನೀರು, ಆಮೇಲೆ ಪ್ರಶ್ನೆ. ಆಧಾರ? ನನಗೆ ಗೊತ್ತಿರುವುದರಲ್ಲಿ ಎಷ್ಟಕ್ಕೆ ಪುಟಸಂಖ್ಯೆ ಇದೆ?

ಅದಕ್ಕೇ ಮಂಗಳವಾರ ನಾನೇ ಆಡಲು ಕೂತದ್ದು. ಮೂರು ಸಲ ಕೇಳುತ್ತಾಳೆಂದು ಓದಿದ್ದರೂ, ಬೇಡ ಅಂದ ಮೇಲೂ ಅಲ್ಲೇ ನಿಲ್ಲಬೇಕೆಂದು ಹೊಳೆಯದೆ ಹನ್ನೊಂದು ಸಲ ಸೋತದ್ದು. ಹನ್ನೆರಡನೇ ಸಲ ಬೇಡ ಅಂದು ಅಲ್ಲೇ ನಿಂತೆ. ಮತ್ತೆ ಕೇಳಿದಳು. ಮತ್ತೆ ಬೇಡ ಅಂದೆ. ಮುದುಕಿ ಮಾಯ! ಹ್ಯಾಂಗ್ ಆಯಿತು ಅಂದುಕೊಂಡು ಕುಕ್ಕರ್ ಆರಿಸಲು ಎದ್ದು ಹೋದೆ. ವಾಪಸು ಬಂದರೆ ಬಾಗಿಲಲ್ಲಿ ನಿಂತಿದ್ದಾಳೆ. ಮೂರನೇ ಸಲ ಕೇಳುತ್ತಿದ್ದಾಳೆ. ಹೂಂ ಅಂದೆ. ‘ಒಳಗೆ ಬಾ’ ಅಂದಳು.

ನಕ್ಷೆ ಸಿಕ್ಕಿತು. ಆದರೆ ನನ್ನ ಕಣ್ಣು ಚೊಂಬಿನ ಮೇಲಿತ್ತು.

ಕಾಲು ತೊಳೆಯುವ ನೀರಿನ ಚೊಂಬು. ಅದು ಎಲ್ಲಿತ್ತು? ಅದನ್ನು ನೋಡುವುದಕ್ಕೆಂದೇ ಇನ್ನೊಂದು ಸಲ ಆಡಿದೆ. ಮೊದಲ ಸಲ ಕೇಳುವಾಗ ಚೊಂಬು ಜಗಲಿಯ ಮೇಲೆ, ಅವಳ ಪಕ್ಕ. ಎರಡನೇ ಸಲ ಮೆಟ್ಟಿಲ ಮೇಲೆ. ಮೂರನೇ ಸಲ ನನ್ನ ಕಾಲ ಬಳಿ. ಪ್ರೋಗ್ರಾಮಿನ ತಪ್ಪು ನೀರಿನ ಚೊಂಬು ಎತ್ತಿ ತಂದು ಇಡುತ್ತದೆಯೇ?

ಸಿಂಚನಾಗೆ ಫೋನ್ ಮಾಡಿದೆ. ಎಷ್ಟೋ ಸಲ ಆಡಿದ ಹುಡುಗಿ, ಚೊಂಬು ನೋಡಿರಲಿಲ್ಲ. ‘ಅಯ್ಯೋ, ಹೌದಲ್ಲ ಚಿಕ್ಕಮ್ಮ!’ ಆಮೇಲೆ ಅವಳೇ ತಣ್ಣಗಾದಳು. ಚೊಂಬು ಮುಂದೆ ಬಂತು ಅಂತ ಬರೆಯಬಹುದು, ಅದು ಆಟದಲ್ಲೇ ಕಾಣುತ್ತದೆ. ಯಾಕೆ ಬಂತು ಅಂತ ಬರೆಯುವ ಹಾಗಿಲ್ಲ.

ಇಲ್ಲಿ ನನ್ನದೊಂದು ತಪ್ಪೊಪ್ಪಿಗೆ ಇದೆ. ಹನ್ನೊಂದು ಸಲ ಸೋಲುವುದಕ್ಕೆ ನನ್ನ ಹತ್ತಿರ ಪೂರ್ವ ತಯಾರಿ ಇತ್ತು.

ಕಾನ್ವೆಂಟಿನಲ್ಲಿ ನಮಗೆ ಕಲಿಸಿದ್ದು ‘ಎಸ್ ಪ್ಲೀಸ್’, ಇಲ್ಲವಾದರೆ ‘ನೋ ಥ್ಯಾಂಕ್ಯೂ’. ಒಂದೇ ಸಲ. ಮದುವೆಯಾದ ಹೊಸತರಲ್ಲಿ ನಮ್ಮವರ ಸೋದರತ್ತೆ ಪುಟ್ಟತಾಯಮ್ಮ ಕೊಣನೂರಿನಿಂದ ಬಂದರು. ‘ಕಾಫಿ ಕುಡೀತೀರಾ ಅತ್ತೆ?’ ಅಂದೆ. ‘ಬ್ಯಾಡ ಕಣವ್ವ’ ಅಂದರು. ಸರಿ ಅಂತ ನಾನೂ ಅವರೆದುರು ಕೂತೆ, ಬಹಳ ಮರ್ಯಾದೆಯಿಂದ ಒಂದು ಗಂಟೆ ಮಾತಾಡಿದೆ. ಅವರು ಕೊಣನೂರು ಮುಟ್ಟುವ ಮೊದಲೇ ಸುದ್ದಿ ಅರಕಲಗೂಡು ದಾಟಿತ್ತು: ಕಾನ್ವೆಂಟ್ ಸೊಸೆ ಅತ್ತೆಗೆ ಒಂದು ಲೋಟ ಕಾಫಿ ಕೊಡಲಿಲ್ಲ. ಆಮೇಲೆ ನಾನು ಎಲ್ಲರಿಗೂ ಮೂರು ಸಲ ಕೇಳುವುದನ್ನು ಕಲಿತೆ. ಯಾಕೆ ಅಂತ ಕಲಿಯಲಿಲ್ಲ. ನಮ್ಮ ಜನಕ್ಕೆ ಬೇಕು ಅನ್ನಲು ಸಂಕೋಚ ಅಂದುಕೊಂಡಿದ್ದೆ.

ಭಾನುವಾರ ಸಿಂಚನಾಳನ್ನು ಕರೆದುಕೊಂಡು ಕೊಣನೂರಿನ ಬಸ್ಸು ಹತ್ತಿದೆ. ಅತ್ತೆಗೆ ಈಗ ಎಂಬತ್ತರ ಮೇಲೆ. ಮಗ, ಸೊಸೆ, ಮೊಮ್ಮಕ್ಕಳು, ಮನೆ ತುಂಬಿದೆ. ಇವರು ಬಾಗಿಲಲ್ಲೇ ಕೂತು ಅವರೆಕಾಯಿ ಸುಲಿಯುತ್ತಿದ್ದರು.

‘ಬನ್ರವ್ವ. ಉಣ್ತೀರಾ?’

‘ಬೇಡ ಅತ್ತೆ, ತಿಂದೇ ಬಂದ್ವಿ.’

ಸಿಂಚನಾ ಒಂದು ಬೆರಳು ಮಡಚಿದಳು. ಅತ್ತೆ ಇನ್ನೆರಡು ಕಾಯಿ ಸುಲಿದರು. ‘ಒಂಚೂರು ಉಣ್ಣಿ.’ ‘ಬೇಡ ಬೇಡ.’ ಎರಡನೇ ಬೆರಳು. ಅತ್ತೆ ಮೊಣಕಾಲು ಹಿಡಿದು ಎದ್ದು ಒಳಗೆ ಹೋದರು. ಪಾತ್ರೆಯ ಮುಚ್ಚಳದ ಸದ್ದು ಕೇಳಿತು. ಸಿಂಚನಾ ನನ್ನ ಮೊಣಕೈ ತಿವಿದಳು, ‘ಚಿಕ್ಕಮ್ಮ, ಹ್ಯಾಂಗ್ ಆಯ್ತು!’

ಅತ್ತೆ ಬಂದು ಬಾಗಿಲಲ್ಲಿ ನಿಂತರು. ‘ಏಳ್ರವ್ವ, ಕೈಕಾಲ್ ತೊಳ್ಕಳಿ. ಅದೇನಮ್ಮಿ, ಬೆಳ್ಳು ಮಡಚ್ಕಂಡು ಕುಂತಿದ್ದೀಯ?’

ಊಟದ ಮೇಲೆ ಲ್ಯಾಪ್‌ಟಾಪ್ ತೆರೆದು ತೋರಿಸಿದೆವು. ಅತ್ತೆ ಕನ್ನಡಕ ಮೇಲೆ ಸರಿಸಿ ಮುದುಕಿಯನ್ನು ನೋಡಿದರು. ಅವಳು ಮಾಯವಾದಾಗ ನಕ್ಕರು.

‘ಯಾಕಜ್ಜಿ ನಗ್ತೀಯ?’

‘ಒಳೀಕೆ ಯಾತಕ್ಕೋದ್ಲು ಅಂತ ಗೊತ್ತಾಗಕಿಲ್ವಾ ನಿಮ್ಗೆ? ಮಡಿಕೆ ನೋಡಕ್ಕೆ ಕಣಮ್ಮಿ!’

‘ಮಡಿಕೆನಾ?’

‘ಊಂ ಮತ್ತೆ. ಮೊದಲ್ನೇ ಸಲ ಕೇಳ್ದಾಗ ಒಳಗೆ ಅನ್ನ ಅದೋ, ಬರೀ ತಳ ಅದೋ, ನಮ್ಗೇ ಗೊತ್ತಿರಕಿಲ್ಲ. ಬಂದೋರು ಬ್ಯಾಡ ಅಂದ್ರೆ, ಓಗಿ ನೋಡ್ಕಂಡು ಬಾ ಅಂತ ಟೇಮು ಕೊಟ್ಟಂಗೆ. ಮೂರ್ನೇ ಸಲ ಕೇಳುದ್ಲು ಅಂದ್ರೆ ಅನ್ನ ಅದೆ ಅಂತ. ಆಗ ಊಂ ಅನ್ಬೇಕು. ಆಗ್ಲೂ ಬ್ಯಾಡ ಅಂದ್ರೆ ದಿಟವಾಗ್ಲೂ ಬ್ಯಾಡ.’

‘ಮೊದಲ್ನೇ ಸಲಕ್ಕೇ ಹೂಂ ಅಂದ್ರೆ?’

‘ಅಂಗಂದ್ರೆ ಆ ಮನೆ ಹೆಂಗ್ಸು ಏನ್ ಮಾಡ್ಬೇಕು? ತಂದು ತಾನೆ ಇಡ್ಬೇಕು? ಮಕ್ಳಿಗೆ ಮಡಗಿದ್ದೇ ತಂದು ಇಡ್ಬೇಕು.’

ಇಷ್ಟು ವರ್ಷ ಸಂಕೋಚ ಅಂದುಕೊಂಡದ್ದು ಸಂಕೋಚವಲ್ಲ. ಕೇಳಿದವಳಿಗೆ ತಲೆ ತಗ್ಗದಿರಲಿ ಅಂತ ಬಂದವರು ಬಿಡುವ ಜಾಗ.

ಅತ್ತೆ ನನ್ನ ಕಡೆ ಗಲ್ಲ ತೋರಿಸಿದರು. ‘ಇವ್ಳು ಒಂದ್ಸಲ ಕೇಳಿ ಕುಂತ್ಕಂಡ್ಲು ಕಣಮ್ಮಿ. ಪಾಪ, ಕಾಫಿಪುಡಿ ಆಗೋಗದೆ ಅಂದ್ಕಂಡೆ.’

‘ಅದಕ್ಕೇ ಊರಿಗೆಲ್ಲ ಹೇಳಿದ್ರಾ ಅತ್ತೆ?’

‘ನಾನಾ? ನಾನ್ಯಾಕ್ ಯೋಳ್ಲಿ? ಪುಡಿ ಇಲ್ದಿದ್ನೂ ಯೋಳ್ಕಂಡ್ ತಿರುಗ್ತಾರಾ? ನಿನ್ ಗಂಡನೇ ಯೋಳ್ಕಂಡು ನಗಾಡ್ದ.’

(ಮನೆಗೆ ಬಂದು ವಿಚಾರಿಸಿದೆ. ನಮ್ಮವರು ಪೇಪರಿನ ಪುಟ ತಿರುವಿದರು.)

ಸೋಮವಾರ ಸಿಂಚನಾ ಅಜ್ಜಿಯ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡದ್ದನ್ನು ಮೇಡಂಗೆ ಕೇಳಿಸಿದಳು. ಮೇಡಂ ಪೂರ್ತಿ ಕೇಳಿದರಂತೆ. ನಕ್ಕರಂತೆ ಕೂಡ. ಆಮೇಲೆ, ‘ಬೇಡ. ಮನೆಯವರ ಮಾತು ಆಧಾರ ಆಗಲ್ಲ. ಪುಸ್ತಕದಲ್ಲೋ ಪೇಪರಲ್ಲೋ ಅಚ್ಚಾಗಿರಬೇಕು. ಮುಂದಿನ ಸೋಮವಾರ ಕೊನೆ’ ಅಂದರಂತೆ.

ಹುಡುಗಿ ಎರಡು ದಿನ ಲೈಬ್ರರಿಯಲ್ಲಿ ಹುಡುಕಿದಳು. ಅಡುಗೆ ಮಾಡುವುದರ ಬಗ್ಗೆ ಒಂದು ಕಪಾಟು ಪುಸ್ತಕ ಇವೆ. ಉಣ್ಣುತ್ತೀರಾ ಅಂತ ಕೇಳುವುದರ ಬಗ್ಗೆ ಅವಳಿಗೆ ಒಂದು ಸಾಲೂ ಸಿಗಲಿಲ್ಲ. ಯಾರು ಬರೆಯುತ್ತಾರೆ? ಎಲ್ಲರಿಗೂ ಗೊತ್ತಿರುವುದನ್ನು ಬರೆದರೆ ಓದುವವರು ಯಾರು? ಹಾಗೆ ಯಾರೂ ಬರೆಯದೆ ಬಿಟ್ಟದ್ದನ್ನು ಇನ್ಯಾರೋ ಬಂದು ನೋಡಿ, ತಪ್ಪು ಅಂತ ಬರೆದುಕೊಂಡು ಹೋಗುತ್ತಾರೆ. ಬರೆದದ್ದು ಉಳಿಯುತ್ತದೆ.

ಮೇಡಂ ಮೇಲೆ ನನಗೆ ಸಿಟ್ಟಿಲ್ಲ. ಒಬ್ಬೊಬ್ಬರೂ ತಮ್ಮ ತಮ್ಮ ಅಜ್ಜಿ ಹೇಳಿದ್ದನ್ನು ತಂದು ಸುರಿದರೆ ವಿಶ್ವಕೋಶ ಏನಾದೀತು? ನಮ್ಮ ಅತ್ತೆಯೇ ಹಲ್ಲಿ ಬಿದ್ದ ಫಲವನ್ನೂ ಅಷ್ಟೇ ಖಚಿತವಾಗಿ ಹೇಳುತ್ತಾರೆ.

ಬುಧವಾರ ಹಾಳೆ ತುಂಬಿದೆ. ಭಾಷೆಗೆ ಮೂರು. ಕಥೆ ಉದ್ದವಾಯಿತೆಂದು ಒಂದು ಅಂಕ ಕಡಿತ. ಆಧಾರದ ಮುಂದೆ, ಆ ಸಾಲಿನ ಮಟ್ಟಿಗೆ, ‘ಇಲ್ಲ’ ಅಂತ ಬರೆದೆ. ಅದು ಬುಧವಾರದ ಸತ್ಯ. ಸಿಂಚನಾ ಹಾಳೆ ನೋಡಿ, ‘ನೀವೂನಾ ಚಿಕ್ಕಮ್ಮ?’ ಅಂದಳು. ಕಾಫಿ ಕುಡೀತೀಯಾ ಅಂತ ಕೇಳಿದೆ. ಬೇಡ ಅಂದಳು. ಇನ್ನೊಂದು ಸಲ ಕೇಳಿದೆ. ಬೇಡ. ಒಳಗೆ ಹೋಗಿ ಡಬ್ಬ ನೋಡಿ ಬಂದು ಮೂರನೇ ಸಲ ಕೇಳುವಷ್ಟರಲ್ಲಿ ಅವಳ ಬಸ್ಸಿನ ಹೊತ್ತಾಗಿತ್ತು.

ಈ ಅಂಕಣ ಶನಿವಾರ ಪೇಪರಿನಲ್ಲಿ ಅಚ್ಚಾಗುತ್ತದೆ. ತಾರೀಖು, ಪುಟಸಂಖ್ಯೆ ಎರಡೂ ಪುಟದ ಮೇಲೆಯೇ ಇವೆ. ಕೊಣನೂರಿನ ಪುಟ್ಟತಾಯಮ್ಮ ಹೇಳಿದ್ದನ್ನು ಒಂದಕ್ಷರ ತಿದ್ದದೆ ಹಾಕಿದ್ದೇನೆ. ಬರೆದವಳು ಹುಡುಗಿಯ ಚಿಕ್ಕಮ್ಮ ಅನ್ನುವುದನ್ನು ಮುಚ್ಚಿಟ್ಟಿಲ್ಲ, ಅದಕ್ಕೆಷ್ಟು ಬೆಲೆಯೋ ಅಷ್ಟೇ ಕಟ್ಟಲಿ.

ಸಿಂಚನಾಳ ಮೇಡಂ ಚನ್ನರಾಯಪಟ್ಟಣದವರಂತೆ, ನಮ್ಮ ಕಡೆಯವರೇ. ಹಾಗಾದರೆ ಹೆಚ್ಚು ವಿವರಿಸುವುದು ಬೇಕಿಲ್ಲ.

ಮೇಡಂ, ನೀವು ಎರಡು ಸಲ ಬೇಡ ಅಂದಾಗಿದೆ. ಇದು ಮೂರನೇ ಸಲ. ಏನಂತೀರಿ?