ಲಂಗರು ಜಾರಿದ ಮಧ್ಯಾಹ್ನ

ಜಾಲಹಳ್ಳಿಯ ಆಶಾರಾಣಿ ನೌಕಾದಳದ ಹುಡುಗಿ ಎಂದರೆ ಕಾಲೇಜಿನಲ್ಲಿ ಎಲ್ಲರಿಗೂ ನಗು. ಸಮುದ್ರವೇ ಇಲ್ಲದ ಬೆಂಗಳೂರಿನಲ್ಲಿ ಎಂಥ ನೌಕಾದಳ? ಆದರೆ ಎನ್‌ಸಿಸಿಯಲ್ಲಿ ಅಂಥದೊಂದು ತುಕಡಿ ನಿಜವಾಗಿಯೂ ಇತ್ತು. ಭಾನುವಾರ ಬೆಳಿಗ್ಗೆ ಹಲಸೂರು ಕೆರೆಯಲ್ಲಿ ಹುಟ್ಟು ಹಾಕಿಸುತ್ತಿದ್ದರು. ಸರ್ಕಾರಿ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ ಅಪ್ಪ ಮಗಳ ಬಿಳಿ ಸಮವಸ್ತ್ರಕ್ಕೆ ತಾವೇ ಇಸ್ತ್ರಿ ಹಾಕಿಕೊಡುತ್ತಿದ್ದರು. ಒಮ್ಮೆ ಕ್ಯಾಂಪಿಗೆಂದು ಕಾರವಾರಕ್ಕೂ ಹೋಗಿಬಂದಿದ್ದಳು. ಅಲ್ಲಿ ಲಂಗರು ಹಾಕುವ ಪಾಠ ಹೇಳಿದ ಹಳೆಯ ನೌಕಾ ಅಧಿಕಾರಿ, "ಲಂಗರು ಬಿಟ್ಟ ತಕ್ಷಣ ಕೆಲಸ ಮುಗೀತು ಅಂತ ಕೂತ್ಕೋಬೇಡಿ, ಕೆಲಸ ಶುರುವಾಗೋದೇ ಆಮೇಲೆ" ಎಂದಿದ್ದರು. ಆ ಮಾತು ಆಶಾರಾಣಿಗೆ ಬಹಳ ಇಷ್ಟವಾಗಿತ್ತು.

ಆಮೇಲೆ ಡಿಪ್ಲೊಮಾ, ಪೀಣ್ಯದಲ್ಲೊಂದು ಕೆಲಸ, ಮದುವೆ, ಮಗಳು ತನ್ಮಯಿ. ಹುಟ್ಟು ಹಿಡಿದ ಕೈಯಲ್ಲಿ ಈಗ ಕೂದಲೆಳೆಯಷ್ಟನ್ನೂ ಅಳೆಯುವ ವರ್ನಿಯರ್ ಇತ್ತು. ಪೀಣ್ಯದ ಆ ಸಣ್ಣ ಕಾರ್ಖಾನೆಯಲ್ಲಿ ತಯಾರಾದ ಕಬ್ಬಿಣದ ಬಿಡಿಭಾಗಗಳನ್ನು ಅಳೆದು, ಸರಿಯಿದ್ದರೆ ಮುದ್ರೆ ಒತ್ತಿ, ಸರಿಯಿಲ್ಲದಿದ್ದರೆ ವಾಪಸ್ ಕಳಿಸುವುದು ಅವಳ ಕೆಲಸ. ಅದನ್ನೂ ಅವಳು ಮನಸ್ಸಿಟ್ಟೇ ಮಾಡುತ್ತಿದ್ದಳು. ಆದರೂ ಮನೆಯ ಹತ್ತಿರದ ಹೊಸಕಟ್ಟೆ ಕೆರೆಗೆ ಲಾರಿಯ ಮೇಲೆ ದೋಣಿಯೊಂದು ಬಂದಿಳಿದಿದೆ ಎಂದು ಗೊತ್ತಾದ ದಿನ, ಒಲೆಯ ಮೇಲಿದ್ದ ಸಾರನ್ನು ಗಂಡನಿಗೆ ಒಪ್ಪಿಸಿ, ಚಪ್ಪಲಿ ಅದಲುಬದಲು ಮೆಟ್ಟಿಕೊಂಡು ಓಡಿದಳು.

ಅದು ಜೊಂಡು ತೆಗೆಯುವ ಕಬ್ಬಿಣದ ಚಪ್ಪಟೆ ದೋಣಿ. ನೋಡಲು ಏನೇನೂ ಚೆಂದವಿರಲಿಲ್ಲ. ಹಿಂದೆ ಚಿಕ್ಕ ಮೋಟಾರು, ಮುಂದೆ ಹಗ್ಗ ಕಟ್ಟಲು ಒಂದು ಗೂಟ, ನಡುವೆ ಕಿತ್ತ ಜೊಂಡು ಗುಡ್ಡೆ ಹಾಕಲು ಜಾಗ. ಕೆರೆ ಉಳಿಸುವ ಸಮಿತಿಯವರು ಬಾಡಿಗೆಗೆ ತಂದಿದ್ದರು. ಜೊಂಡು ಕೀಳಲು ಹನುಮವ್ವ ಮತ್ತು ಅವಳ ತಮ್ಮ ಪರಮಾನಂದ ಬರುತ್ತಿದ್ದರು. ಕೊಪ್ಪಳದ ಕಡೆಯವರು, ಪೀಣ್ಯದಲ್ಲಿ ಬಾಡಿಗೆ ರೂಮಿನಲ್ಲಿದ್ದರು. ಭಾನುವಾರ ದೋಣಿ ನಡೆಸಲು ಯಾರಾದರೂ ಬೇಕು ಎಂದು ಸಮಿತಿಯ ಶ್ರೀಕರ್ ಕೇಳುವುದಕ್ಕೂ ಆಶಾರಾಣಿ ಕೈ ಎತ್ತುವುದಕ್ಕೂ ಸರಿಹೋಯಿತು.

ದೋಣಿಯ ಜೊತೆ ಲಂಗರು ಬಂದಿರಲಿಲ್ಲ. ಆಶಾರಾಣಿ ತನ್ನ ಕಾರ್ಖಾನೆಯಲ್ಲೇ ಎರಡು ಅಗಲ ನಾಲಿಗೆಯ ಲಂಗರೊಂದನ್ನು ಬೆಸುಗೆ ಹಾಕಿಸಿ ತಂದಳು. ಶ್ರೀಕರ್ ವೈಟ್‌ಫೀಲ್ಡಿನ ಕಂಪನಿಯೊಂದರಲ್ಲಿ ಕೆಲಸ ಮಾಡುವವನು, ಕೆರೆಯಂಚಿನ ಅಪಾರ್ಟ್‌ಮೆಂಟಿನಲ್ಲಿ ಮನೆ. ಅವನು ಹಳೆಯ ಮೊಬೈಲೊಂದನ್ನು ಡಬ್ಬಿಯಲ್ಲಿಟ್ಟು ದೋಣಿಗೆ ಕಟ್ಟಿದ. ದಡದಲ್ಲಿರುವ ಅವನ ಫೋನಿನ ನಕ್ಷೆಯಲ್ಲಿ ದೋಣಿ ಒಂದು ಚುಕ್ಕಿ; ಚುಕ್ಕಿ ತನ್ನ ಸುತ್ತ ಎಳೆದ ವೃತ್ತ ದಾಟಿದರೆ ಫೋನು ಕೂಗಿಕೊಳ್ಳಬೇಕು. ಮೊದಲ ವಾರ ಅದು ಗಳಿಗೆಗೊಮ್ಮೆ ಕೂಗಿತು.

"ಮೇಡಂ, ದೋಣಿ ಜಾರ್ತಾ ಇದೆ!"

"ಜಾರ್ತಿಲ್ಲ ಶ್ರೀಕರ್, ತೂಗಾಡ್ತಿದೆ. ಗೂಟಕ್ಕೆ ಕಟ್ಟಿದ ಹಸು ಆ ಕಡೆ ಈ ಕಡೆ ಮೇಯಲ್ವಾ, ಹಂಗೆ. ನಿನ್ನ ಫೋನಿಗೆ ಹಗ್ಗ ಎಷ್ಟುದ್ದ ಇದೆ ಅಂತ ಹೇಳಿದೀಯಾ?"

ಹೇಳಿರಲಿಲ್ಲ. ಶ್ರೀಕರ್ ನಕ್ಕು ಫೋನಿನ ವೃತ್ತವನ್ನು ದೊಡ್ಡದು ಮಾಡಿದ. ಆಮೇಲೆ ಅದು ತೆಪ್ಪಗಾಯಿತು.

ಮೇ ತಿಂಗಳ ಮಳೆ ಎರಡು ಮೂರು ದಿನ ಬಿಡದೆ ಹೊಡೆದು ಕೆರೆ ತುಂಬಿತು. ಪೂರ್ವದ ತುದಿಯಲ್ಲಿ ಕೋಡಿ ಬಿದ್ದು, ಹೆಚ್ಚಾದ ನೀರು ಕಲ್ಲುಕಟ್ಟೆಯ ಮೇಲಿಂದ ರಾಜಕಾಲುವೆಗೆ ಧುಮುಕುತ್ತಿತ್ತು. ತೇಲಿಬಂದ ಜೊಂಡೆಲ್ಲ ಅಲ್ಲೇ ಒತ್ತರಿಸಿ ನಿಂತಿತ್ತು. ಅದನ್ನು ತೆಗೆಯದಿದ್ದರೆ ನೀರು ಹಿಂದಕ್ಕೆ ನುಗ್ಗಿ ತಗ್ಗಿನ ಬೀದಿಗಳ ಮನೆಗಳಿಗೆ ಹೋಗುತ್ತದೆ. ಭಾನುವಾರ ಮಧ್ಯಾಹ್ನ ಆಶಾರಾಣಿ, ಹನುಮವ್ವ, ಪರಮಾನಂದ ಮೂವರೂ ಲೈಫ್ ಜಾಕೆಟ್ ತೊಟ್ಟು ಹೊರಟರು. ಕೋಡಿಯಿಂದ ಸಾಕಷ್ಟು ಹಿಂದೆಯೇ ಲಂಗರು ಬಿಟ್ಟು ಜೊಂಡು ಎಳೆಯತೊಡಗಿದರು. ಆಶಾರಾಣಿ ಅಭ್ಯಾಸದಂತೆ ಬಡಗಣ ದಡದಲ್ಲಿ ಗುರುತು ಹಿಡಿದಳು. ಓಡಾಡುವ ಹಾದಿಯ ದೀಪದ ಕಂಬ, ಅದರ ನೇರ ಹಿಂದೆ ಅಪಾರ್ಟ್‌ಮೆಂಟಿನ ಮೇಲಿನ ನೀಲಿ ನೀರಿನ ತೊಟ್ಟಿ. ಕಂಬ ತೊಟ್ಟಿಯನ್ನು ಮರೆಮಾಡಿದ್ದಷ್ಟು ಹೊತ್ತು ದೋಣಿ ಇದ್ದಲ್ಲೇ ಇದೆ ಎಂದರ್ಥ.

ದೋಣಿಯಲ್ಲಿ ಜೊಂಡಿನ ಗುಡ್ಡೆ ಆಳೆತ್ತರ ಬೆಳೆಯುವ ಹೊತ್ತಿಗೆ ಪಡುವಣದಲ್ಲಿ ಮೋಡ ಕಪ್ಪಿಟ್ಟಿತು. ಮರುಕ್ಷಣ ಗಾಳಿ. ದಡದ ಹೊಂಗೆಮರಗಳು ಬಾಗಿದವು, ನೀರಿನ ಮೇಲೆ ನೊರೆ ಎದ್ದಿತು.

ಆಶಾರಾಣಿ ಕಂಬದ ಕಡೆ ನೋಡಿದಳು. ನೀಲಿ ತೊಟ್ಟಿ ಕಂಬದ ಬಲಕ್ಕೆ, ಕೋಡಿ ಇದ್ದ ಕಡೆಗೆ, ಒಂದಿಷ್ಟು ಇಣುಕಿತ್ತು. ತೂಗಾಟವಿದ್ದೀತು, ಮತ್ತೆ ಮರೆಯಾಗುತ್ತದೆ ಎಂದು ಕಾದಳು. ಮರೆಯಾಗಲಿಲ್ಲ. ಅರ್ಧ ತೊಟ್ಟಿ ಕಂಡಿತು. ಪೂರ್ತಿ ಕಂಡಿತು. ಕಂಬಕ್ಕೂ ತೊಟ್ಟಿಗೂ ನಡುವೆ ಆಕಾಶವೂ ಕಂಡಿತು.

ಮುಂದಕ್ಕೆ ಧಾವಿಸಿ ಲಂಗರಿನ ಹಗ್ಗದ ಮೇಲೆ ಅಂಗೈ ಇಟ್ಟಳು. ಹಿಡಿತವಿದ್ದರೆ ಹಗ್ಗ ಬಿಗಿಯುತ್ತದೆ, ಸಡಿಲುತ್ತದೆ, ಅಷ್ಟೆ. ಇದು ಗಡಗಡ ನಡುಗುತ್ತಿತ್ತು, ತಳದಲ್ಲಿ ಏನೋ ಕಲ್ಲುಮಣ್ಣಿನ ಮೇಲೆ ಉಜ್ಜಿಕೊಂಡು ಬರುತ್ತಿರುವ ಹಾಗೆ.

"ಜಾರ್ತಿದೆ!" ಎಂದು ಕೂಗಿದಳು. ತಲೆ ಎಂದೂ ಇಲ್ಲದಷ್ಟು ತಿಳಿಯಾಗಿತ್ತು. "ಪರಮಾನಂದ, ಮೋಟಾರು!"

ಪರಮಾನಂದ ದಾರ ಎಳೆದ. ಮೋಟಾರು ಕೆಮ್ಮಿ ನಿಂತಿತು. ಮತ್ತೆ ಎಳೆದ. "ರೆಕ್ಕಿಗೆ ಜೊಂಡ ಸುತ್ತೇತ್ರಿ ಅಕ್ಕಾರ!"

ಅಷ್ಟರಲ್ಲಿ ದಡದಲ್ಲಿ ಶ್ರೀಕರನ ಫೋನೂ ಕೂಗಿರಬೇಕು. ಅವನು ಏರಿಯ ಮೇಲೆ ಕೈ ಬೀಸುತ್ತ ಓಡಿಬರುತ್ತಿದ್ದ. "ಮೇಡಂ, ಈ ಸಲ ತೂಗಾಟ ಅಲ್ಲ! ಚುಕ್ಕಿ ನೇರ ಕೋಡಿಗೇ ಹೋಗ್ತಿದೆ!"

"ಗೊತ್ತಾಯ್ತು! ಅಗ್ನಿಶಾಮಕದವ್ರಿಗೆ ಫೋನ್ ಮಾಡು!"

ಪರಮಾನಂದ ಹಗ್ಗವನ್ನು ಒಳಕ್ಕೆ ಎಳೆಯಲು ಹೊರಟ. ಆಶಾರಾಣಿ ಅವನ ಕೈ ಹಿಡಿದಳು. "ಎಳೀಬೇಡ, ಬಿಡು! ಹಗ್ಗ ಉದ್ದ ಆದಷ್ಟೂ ಲಂಗರು ಮಲಗಿ ಮಣ್ಣಿಗೆ ಕಚ್ಕೊಳ್ಳತ್ತೆ."

"ಬಿಟ್ಟರ ಕೋಡಿಗೆ ಇನ್ನಷ್ಟು ಹತ್ರ ಹೊಕ್ಕೀವಲ್ರಿ!"

"ಹೋಗ್ಲಿ, ಬಿಡು!"

ಹಗ್ಗ ಸರಸರನೆ ಹೊರಕ್ಕೆ ಓಡಿತು. ಧುಮುಕುವ ನೀರಿನ ಸದ್ದು ದೊಡ್ಡದಾಯಿತು. ಆಶಾರಾಣಿ ಮತ್ತೆ ಅಂಗೈ ಇಟ್ಟು ನೋಡಿದಳು. ನಡುಕ ಕಮ್ಮಿಯಾಗಿತ್ತು, ನಿಂತಿರಲಿಲ್ಲ. ಲಂಗರಿಗೆ ಏನೋ ಸುತ್ತಿಕೊಂಡಿದೆ, ನಾಲಿಗೆ ಮಣ್ಣಿಗೆ ತಾಗುತ್ತಿಲ್ಲ ಎಂದು ಅವಳಿಗೆ ಅರ್ಥವಾಯಿತು. ಮೇಲೆತ್ತಿ ಬಿಡಿಸಬೇಕು. ಎತ್ತಿದರೆ ಅಷ್ಟು ಹೊತ್ತು ದೋಣಿಯನ್ನು ಹಿಡಿಯುವವರು ಯಾರು?

ಉತ್ತರ ಹೊಳೆದದ್ದು ಹನುಮವ್ವನಿಗೆ. ಜೊಂಡು ಎಳೆಯುವ ಕಬ್ಬಿಣದ ಹಲ್ಲುಕುಂಟೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಕೇಳಿದಳು: "ಅಕ್ಕಾರ, ಇದನ್ನ ಒಗೀಲೇನ್ರಿ?"

ಆಶಾರಾಣಿಗೆ ಅವಳನ್ನು ತಬ್ಬಿಕೊಳ್ಳಬೇಕೆನಿಸಿತು. "ಒಗಿ! ಒಗಿ!"

ದೋಣಿಯಲ್ಲಿದ್ದ ಇನ್ನೊಂದು ಹಗ್ಗವನ್ನು ಕುಂಟೆಯ ಸರಪಳಿಗೆ ಬಿಗಿದು, ಅದರ ತುದಿ ಗೂಟಕ್ಕೆ ಕಟ್ಟಿ, ಕುಂಟೆಯನ್ನು ನೀರಿಗೆ ಎಸೆದರು. "ಜೊಂಡನ್ನೂ ನೂಕಿ! ಈ ಗುಡ್ಡೆಗೇ ಗಾಳಿ ಹೊಡೀತಿರೋದು!" ಎಂದು ಆಶಾರಾಣಿ ಕೂಗಿದಳು. ಮೂವರೂ ಮೈಯೊಡ್ಡಿ ನೂಕಿದರು. ಮಧ್ಯಾಹ್ನವಿಡೀ ಬೆವರು ಸುರಿಸಿ ಕಿತ್ತದ್ದೆಲ್ಲ ದಬದಬ ಕೆರೆಗೆ ವಾಪಸ್ಸಾಯಿತು. ದೋಣಿ ಹಗುರಾಯಿತು. ಕುಂಟೆ ತಳದಲ್ಲಿ ಯಾವುದೋ ಬೇರನ್ನು ಕಚ್ಚಿ ದೋಣಿಯನ್ನು ಒಮ್ಮೆ ಜಗ್ಗಿತು. ಸರಿಯುವ ವೇಗ ಅರ್ಧಕ್ಕರ್ಧ ಇಳಿಯಿತು.

"ಈಗ ಎಳೀರಿ!"

ಲಂಗರು ಮೇಲೆ ಬಂತು. ಅದರ ಎರಡೂ ನಾಲಿಗೆಗೆ ಯಾರೋ ಬಿಸಾಡಿದ ಸೀರೆಯೊಂದು, ಸಿಮೆಂಟಿನ ಚೀಲವೊಂದು ಹೆಣೆದುಕೊಂಡು ಲಂಗರು ದೊಡ್ಡ ಗಂಟಿನ ಹಾಗಾಗಿತ್ತು. ಹನುಮವ್ವ ಕುಡುಗೋಲು ತೆಗೆದು ಪರಪರ ಕೊಯ್ದಳು. ಮಳೆಯೂ ಶುರುವಾಗಿ ಯಾರ ಮುಖವೂ ಯಾರಿಗೂ ಸರಿಯಾಗಿ ಕಾಣುತ್ತಿರಲಿಲ್ಲ. ಲಂಗರಿನ ಕಬ್ಬಿಣ ಬರಿದಾದ ಕೂಡಲೇ ಆಶಾರಾಣಿ ಅದನ್ನು ಮೆಲ್ಲಗೆ ಇಳಿಬಿಟ್ಟು, ಹಗ್ಗವನ್ನು ಕೊನೆಯವರೆಗೂ ಬಿಡುತ್ತ ಹೋದಳು.

ಹಗ್ಗ ಬಿಗಿಯಿತು. ದೋಣಿಯ ಮೂತಿ ಗಾಳಿಗೆ ಎದುರಾಗಿ ತಿರುಗಿತು. ಅಂಗೈಯ ಕೆಳಗೆ ನಡುಕವಿಲ್ಲ, ಬಿಗಿತ ಮಾತ್ರ.

ಇನ್ನೂ ನಂಬುವ ಹಾಗಿರಲಿಲ್ಲ. ಹೊಸ ಗುರುತು ಬೇಕು. ಮಳೆಯಲ್ಲಿ ಕಣ್ಣು ಕಿರಿದು ಮಾಡಿ, ಕಸದ ತೊಟ್ಟಿಯ ಹಳದಿ ಮುಚ್ಚಳವನ್ನೂ ಅದರ ಹಿಂದಿನ ತೆಂಗಿನಮರವನ್ನೂ ಹಿಡಿದಳು. "ಹನುಮವ್ವ, ಆ ತೆಂಗಿನಮರ ನೋಡ್ತಿರು. ಮುಚ್ಚಳ ಬಿಟ್ಟು ಬಲಕ್ಕೆ ಹೋಯ್ತಾ?"

"ಹೋತ್ರಿ... ಹೋತು... ನಿಂತೈತ್ರಿ." ಹನುಮವ್ವ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. "ಹೊಳ್ಳಿ ಬಂತ್ರಿ! ಅಕ್ಕಾರ, ಹೊಳ್ಳಿ ಬಂತು!"

ಮತ್ತೊಮ್ಮೆ ಆ ಕಡೆ ಹೋಯಿತು, ಮತ್ತೆ ಬಂತು. ಅದು ತೂಗಾಟ. ದಡದಿಂದ ಶ್ರೀಕರ್ ಎರಡೂ ಕೈ ಮೇಲೆತ್ತಿ ಕುಣಿಯುತ್ತ ಕೂಗಿದ: "ಮೇಡಂ, ಚುಕ್ಕಿ ನಿಂತ್ಬಿಡ್ತು! ಸುತ್ತಾಡ್ತಿದೆ ಅಷ್ಟೇ!" ಪರಮಾನಂದ ಸಿಳ್ಳೆ ಹೊಡೆದ. ಕೋಡಿ ಅವರ ಬೆನ್ನ ಹಿಂದೆ, ಕಲ್ಲೆಸೆದರೆ ತಾಗುವಷ್ಟು ಹತ್ತಿರದಲ್ಲಿ ಭೋರ್ಗರೆಯುತ್ತಿತ್ತು. ಆಶಾರಾಣಿಗೆ ಅದರ ಕಡೆ ತಿರುಗಿ ನೋಡುವ ಧೈರ್ಯ ಆಗ ಬಂತು.

ಗಾಳಿ ಬಂದಷ್ಟೇ ಬೇಗ ಹೊರಟುಹೋಯಿತು. ಪರಮಾನಂದ ಮೋಟಾರಿನ ರೆಕ್ಕೆಗೆ ಸುತ್ತಿದ್ದ ಜೊಂಡು ಬಿಡಿಸಿದ. ಅಗ್ನಿಶಾಮಕದವರ ಗಾಡಿ ಗಂಟೆ ಬಾರಿಸುತ್ತ ಏರಿಗೆ ಬರುವ ಹೊತ್ತಿಗೆ ದೋಣಿ ತಾನಾಗಿಯೇ ದಡ ಸೇರುತ್ತಿತ್ತು. ಅವರು ತಂದ ಹಗ್ಗವನ್ನು ದೋಣಿ ಕಟ್ಟಲು ಬಳಸಿಕೊಂಡರು.

ವಿಷಯ ತಿಳಿದು ತನ್ಮಯಿ ಕೊಡೆ ಹಿಡಿದು ಓಡಿಬಂದಿದ್ದಳು. ಹಗ್ಗ ಉಜ್ಜಿ ಕೆಂಪಾದ ಅಮ್ಮನ ಅಂಗೈ ಹಿಡಿದುಕೊಂಡಳು. "ಅಮ್ಮಾ, ಕೈ ಹೆಂಗಾಗಿದೆ ನೋಡು! ತುಂಬ ಭಯ ಆಯ್ತಾ?"

"ಭಯವೂ ಆಯ್ತು ಕಣೇ," ಎಂದಳು ಆಶಾರಾಣಿ. ಅವಳ ಮುಖದ ತುಂಬ ನಗು. "ಆದ್ರೆ ಲಂಗರು ಕಚ್ಕೊಂಡಾಗ ಹಗ್ಗ ಹೆಂಗೆ ಬಿಗೀತು ಗೊತ್ತಾ! ಇರು, ಹೇಳ್ತೀನಿ..."

ಮನೆ ಸೇರುವವರೆಗೂ ಹೇಳಿದಳು. ರಾತ್ರಿ ಊಟಕ್ಕೆ ಕೂತ ಗಂಡನಿಗೆ ತಟ್ಟೆಯ ಪಕ್ಕ ಲೋಟ, ಲೋಟದ ಹಿಂದೆ ಉಪ್ಪಿನಕಾಯಿ ಜಾಡಿ ಇಟ್ಟು, ಇದು ಕಂಬ, ಅದು ತೊಟ್ಟಿ ಎಂದು ತೋರಿಸುತ್ತ ಇನ್ನೊಮ್ಮೆ ಹೇಳಿದಳು. ಆ ವಾರವೇ ಎರಡನೆಯ ಲಂಗರು ಮಾಡಿಸಿದಳು. ಈ ಸಲ ಹಗ್ಗಕ್ಕೂ ಲಂಗರಿಗೂ ನಡುವೆ ಭಾರದ ಸರಪಳಿ ಸೇರಿಸಿ, ಒಂದೊಂದು ಬೆಸುಗೆಯನ್ನೂ ತಾನೇ ನೋಡಿ ಒಪ್ಪಿದಳು. ಮುಂದಿನ ಭಾನುವಾರ ಕೆರೆಗೆ ಹೋದಾಗ ಹನುಮವ್ವ ಆಗಲೇ ದೋಣಿಯ ಮೂತಿಯಲ್ಲಿ ಕೂತು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ದಡವನ್ನು ದಿಟ್ಟಿಸುತ್ತಿದ್ದಳು.

"ಅಕ್ಕಾರ, ಇವತ್ತ ಗುರ್ತ ನಾನ ಹಿಡಿಯಾಕಿ," ಎಂದಳು. "ನೀವು ಬರೇ ಹಗ್ಗ ನೋಡ್ಕೋರಿ."